ಪ್ಯೂಬ್ಲೊ ಪೂರ್ವಕ್ಕೆ 35 ಎಕರೆ ಒಣ ಹುಲ್ಲುಗಾವಲು: ಉತ್ತು ಹೊಸ ಹುಲ್ಲು ಬಿತ್ತಲಾ, ಹಾಗೇ ಬಿಡಲಾ?

ಬಯಲು_35

ಎಲ್ಲರಿಗೂ ನಮಸ್ಕಾರ. ಕೊಲರಾಡೋದಲ್ಲಿ ಪ್ಯೂಬ್ಲೊ ಊರಿನ ಪೂರ್ವಕ್ಕೆ 35 ಎಕರೆ ಜಮೀನು ಕೊಂಡಿದ್ದೇವೆ. ಒಂದು ಮೂಲೆಯಲ್ಲಿ ಮನೆ, ಉಳಿದದ್ದೆಲ್ಲ ಬಯಲು. ನೆರಳಿಗೆ ಒಂದು ಮರ ಇಲ್ಲ. ಹುಲ್ಲು ಕಣಕಾಲಿನಷ್ಟೂ ಎತ್ತರ ಬರಲ್ಲ. ಅದೂ ಗುಪ್ಪೆ ಗುಪ್ಪೆಯಾಗಿದೆ, ನಡುವೆ ಬರೀ ಮಣ್ಣು. ಮಳೆ ಬಿದ್ದರೆ ಸ್ವಲ್ಪ ದಿನ ಹಸಿರು, ಆಮೇಲೆ ಮತ್ತೆ ಕಂದು. ಅಲ್ಲಲ್ಲಿ ಪಾಪಾಸುಕಳ್ಳಿ, ಮೈತುಂಬ ಮುಳ್ಳಿನ ಚೋಯಾ ಕಳ್ಳಿ, ಚೂಪು ಎಲೆಯ ಯಕ್ಕಾ.

ನಮ್ಮ ಯೋಚನೆ ಇದು. ಡಿಸ್ಕ್ ಹೊಡೆಸಿ ನೆಲ ಸಡಿಲ ಮಾಡುವುದು. ಅಂಗಡಿಯಲ್ಲಿ ಸಿಗುವ ಪಾಶ್ಚರ್ ಮಿಕ್ಸ್ ಬೀಜ ಬಿತ್ತುವುದು. ಒಂದೆರಡು ಸಲ ಯೂರಿಯಾ ಕೊಡುವುದು. ಎರಡು ಕುದುರೆ ಸಾಕಬೇಕು ಅಂತ ಮಗಳ ಆಸೆ.

ಇನ್ನೆರಡು ವಿಷಯ. ಪೂರ್ವದ ಬೇಲಿ ಪಕ್ಕ ಸುಮಾರು ಮೂರು ಎಕರೆ ಪಟ್ಟಿಯನ್ನು ಹಿಂದಿನ ಮಾಲೀಕರು ಯಾವಾಗಲೋ ಉತ್ತು ಹಾಗೇ ಬಿಟ್ಟಿದ್ದಾರೆ. ಅಲ್ಲಿ ಹುಲ್ಲೇ ಇಲ್ಲ, ಎದೆಯೆತ್ತರ ಕಳೆ. ಇನ್ನು ತಗ್ಗಿನಲ್ಲಿ ಒಂದು ಕಡೆ ನೆಲದ ಮೇಲೆ ಬಿಳಿ ಪುಡಿ ಕಟ್ಟಿದೆ. ಅಲ್ಲಿ ಏನು ಹಾಕಬೇಕು? ಫೋಟೋಗಳನ್ನು ಹಾಕಿದ್ದೇನೆ. ಗೊತ್ತಿರುವವರು ಹೇಳಿ.

ಗ್ರಾಮಾಪ್ರಿಯ

ಸರ್, ಡಿಸ್ಕ್ ಹೊಡೆಯುವವರಿಗೆ ಹೇಳಿದ್ದರೆ ಇವತ್ತೇ ಬೇಡ ಅನ್ನಿ. ಉಳಿದದ್ದು ನಿಧಾನವಾಗಿ ಮಾತಾಡೋಣ.

ನಿಮ್ಮ ಮೂರನೇ ಫೋಟೋ ದೊಡ್ಡದು ಮಾಡಿ ನೋಡಿ. ಕಡ್ಡಿಯ ತುದಿಯಲ್ಲಿ ತೆನೆ ಒಂದೇ ಪಕ್ಕಕ್ಕೆ ಬಾಗಿ ಹುಬ್ಬಿನ ಹಾಗೆ ಕಾಣುತ್ತಿದೆ ಅಲ್ವಾ? ಅದು ಬ್ಲೂ ಗ್ರಾಮಾ. ಕೊಲರಾಡೋದ ರಾಜ್ಯ ಹುಲ್ಲು ಅದು. ಪಕ್ಕದ ನ್ಯೂ ಮೆಕ್ಸಿಕೋದ್ದೂ ಅದೇ. ಅದರ ಬದಿಯಲ್ಲಿ ನೆಲಕ್ಕೆ ಅಂಟಿಕೊಂಡು ಹಂಬು ಬಿಟ್ಟಿರುವುದು ಬಫಲೋ ಗ್ರಾಸ್. ಇದರಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಹೆಣ್ಣು ಗಿಡದ ಬೀಜ ಬುಡದ ಹತ್ತಿರವೇ ಗಟ್ಟಿ ಸಿಪ್ಪೆಯೊಳಗೆ ಅಡಗಿರುತ್ತದೆ, ಬಗ್ಗಿ ಹುಡುಕಿದರೆ ಮಾತ್ರ ಕಾಣುತ್ತದೆ. ರಾಕಿ ಬೆಟ್ಟಗಳ ಪೂರ್ವಕ್ಕೆ, ಮಳೆ ನೆರಳಿನಲ್ಲಿರುವ ಈ ಗಿಡ್ಡ ಹುಲ್ಲಿನ ಬಯಲಿಗೆ ಈ ಎರಡೇ ಆಧಾರ.

ನಿಮ್ಮ ಕಡೆ ವರ್ಷಕ್ಕೆ ಸುಮಾರು 300 ಮಿಲಿಮೀಟರ್ ಮಳೆ. ಜಾಸ್ತಿ ಸಲ ಬೀಳುವುದು 5 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ. ಅಷ್ಟು ಮಳೆ ಮೇಲಿನ ಮೂರು ನಾಲ್ಕು ಸೆಂಟಿಮೀಟರ್ ಮಣ್ಣನ್ನು ಒದ್ದೆ ಮಾಡಿ ಬೇಗ ಆರಿ ಹೋಗುತ್ತದೆ. ಬ್ಲೂ ಗ್ರಾಮಾ ಅದನ್ನೂ ಬಿಡುವುದಿಲ್ಲ. 5 ಮಿಲಿಮೀಟರ್ ಬಿದ್ದ ಅರ್ಧ ದಿನದೊಳಗೆ ಎಲೆಗೆ ನೀರು ಏರಿರುತ್ತದೆ. ಕಂದು ಬಣ್ಣಕ್ಕೆ ತಿರುಗಿದ ಹುಲ್ಲು ಸತ್ತಿರುವುದಿಲ್ಲ, ಸುಮ್ನೆ ಮುಂದಿನ ಮಳೆಗೆ ಕಾಯುತ್ತಿರುತ್ತದೆ.

ನಡುವೆ ಬರೀ ಮಣ್ಣು ಅಂದಿರಲ್ಲ, ಅಲ್ಲಿ ಒಂದು ಸಲಿಕೆ ಹಾಕಿ ನೋಡಿ. ಬೇರು ಸಿಗುತ್ತದೆ. ಈ ಹುಲ್ಲುಗಾವಲಿನಲ್ಲಿ ಗಿಡದ ಹೆಚ್ಚು ಪಾಲು ನೆಲದ ಕೆಳಗೇ ಇರುವುದು. ಅಕ್ಕಪಕ್ಕದ ಗುಪ್ಪೆಗಳು ನೀರು ಹೀರುವ ಜಾಗ ಅದು. ಅಲ್ಲಿ ಇನ್ನೊಂದು ಗಿಡ ತುರುಕಿದರೆ ಎರಡೂ ಸೊರಗುತ್ತವೆ.

ನೇಗಿಲು

ಇದೇನು ಸ್ವಾಮಿ, ಉಳದೆ ಯಾವ ನೆಲ ಕೊಟ್ಟಿದೆ? ಪೂರ್ವ ಕೊಲರಾಡೋ ತುಂಬ ಗೋಧಿ ಬೆಳೆಯುತ್ತಾರೆ. ಹೈವೇಯಲ್ಲಿ ಹೋಗುವಾಗ ನಾನೇ ನೋಡಿದ್ದೇನೆ. ಅಲ್ಲಿ ಬರುವುದು ಇವರ ಜಮೀನಿನಲ್ಲಿ ಯಾಕೆ ಬರಲ್ಲ? ಬೀಜ, ಗೊಬ್ಬರ, ಸ್ವಲ್ಪ ನೀರು ಕೊಟ್ಟರೆ ಎಲ್ಲ ಬರುತ್ತದೆ. ಹೊಸದಾಗಿ ಜಮೀನು ಕೊಂಡವರನ್ನು ಹೀಗೆ ಹೆದರಿಸಬೇಡಿ.

ಮಣ್ಣಿನಹುಳು

ಗೋಧಿ ಬೆಳೆಯುವುದು ನಿಜ ನೇಗಿಲು ಅವರೇ. ಆದರೆ ಆ ಹೊಲಗಳನ್ನು ಸರಿಯಾಗಿ ಗಮನಿಸಿ. ಒಂದು ಪಟ್ಟಿ ಬೆಳೆ, ಪಕ್ಕದ ಪಟ್ಟಿ ಬೀಳು. ನೆಲದಲ್ಲಿ ಹಸಿ ಕೂಡಿಡುವುದಕ್ಕೆ ಹಾಗೆ ಬಿಡುತ್ತಾರೆ. ಅಂದರೆ ಎರಡು ವರ್ಷದ ಮಳೆಗೆ ಒಂದು ಬೆಳೆ. ಅದೂ ಮಣ್ಣು ಚೆನ್ನಾಗಿರುವ ಕಡೆ.

ನೀರಿನ ಮಾತಂತೂ ಬಿಡಿ. 35 ಎಕರೆಗೆ ಸಿಗುವ ಮನೆ ಬಾವಿಯ ಪರ್ಮಿಟ್‌ನಲ್ಲಿ ಹೆಚ್ಚೆಂದರೆ ಒಂದು ಎಕರೆಗೆ ನೀರು ಹಾಯಿಸಬಹುದು. ಚಾವಣಿಯ ಮಳೆ ನೀರು ಹಿಡಿಯುವುದಕ್ಕೂ ಅಲ್ಲಿ ಲೆಕ್ಕ ಇದೆ. 2016ರ ಕಾನೂನಿನ ಪ್ರಕಾರ ಎರಡು ಪೀಪಾಯಿ, ಒಟ್ಟು 110 ಗ್ಯಾಲನ್. ಟೊಮ್ಯಾಟೊ ಗಿಡಕ್ಕೆ ಸಾಕು, ಹುಲ್ಲುಗಾವಲಿಗೆ ಅಲ್ಲ.

ಈ ಬಯಲನ್ನು ಉತ್ತರೆ ಏನಾಗುತ್ತದೆ ಅಂತ ಊಹಿಸಬೇಕಾಗಿಲ್ಲ, ಒಮ್ಮೆ ಆಗಿ ಹೋಗಿದೆ. 1909ರ ಕಾನೂನು ಒಣ ಪ್ರದೇಶದಲ್ಲಿ ಒಂದೊಂದು ಸಂಸಾರಕ್ಕೆ 320 ಎಕರೆ ಕೊಟ್ಟಿತು. ಜನ ಬಂದರು, ಉತ್ತರು. ಮೊದಲ ಮಹಾಯುದ್ಧದ ಹೊತ್ತಿಗೆ ಗೋಧಿ ಬೆಲೆ ಏರಿತು, ಇನ್ನಷ್ಟು ಉತ್ತರು. 1930ರ ದಶಕದಲ್ಲಿ ಮಳೆ ಕೈಕೊಟ್ಟಿತು. ಮಣ್ಣು ಹಿಡಿದಿಟ್ಟುಕೊಳ್ಳಲು ಬೇರೇ ಇರಲಿಲ್ಲ. 1935ರ ಏಪ್ರಿಲ್ 14ರ ದೂಳಿನ ಬಿರುಗಾಳಿಯನ್ನು ಅಲ್ಲಿಯ ಜನ ಇವತ್ತಿಗೂ ಕಪ್ಪು ಭಾನುವಾರ ಅಂತಲೇ ಕರೆಯುತ್ತಾರೆ. ರಾಜ್ಯದ ಆಗ್ನೇಯ ಮೂಲೆಯ ಬಾಕಾ ಕೌಂಟಿ ತುಂಬಾ ಏಟು ತಿಂದ ಜಾಗ. ಹಾಳು ಬಿದ್ದ ಜಮೀನುಗಳನ್ನು ಸರ್ಕಾರವೇ ಕೊಂಡು ಮತ್ತೆ ಹುಲ್ಲು ಬೆಳೆಸಲು ಹೊರಟಿತು. ಈಗಿನ ಕೊಮ್ಯಾಂಚಿ ನ್ಯಾಷನಲ್ ಗ್ರಾಸ್‌ಲ್ಯಾಂಡ್ ಹುಟ್ಟಿದ್ದು ಹಾಗೆ. ಸುಮಾರು 4.4 ಲಕ್ಷ ಎಕರೆ ಇದೆ. ಪ್ಯೂಬ್ಲೊದಿಂದ ಕಾರಿನಲ್ಲಿ ಹೋಗಿ ನೋಡಿ ಬರಬಹುದು.

ಬಯಲು_35

ಸರಿ, ಡಿಸ್ಕ್ ಸದ್ಯಕ್ಕೆ ನಿಲ್ಲಿಸಿದ್ದೇನೆ. ಆದರೆ ಪೂರ್ವದ ಪಟ್ಟಿ? ಪಕ್ಕದ ಜಮೀನಿನವರು, ಎರಡು ಮೂರು ವರ್ಷ ಬಿಟ್ಟರೆ ಹುಲ್ಲು ತಾನಾಗೇ ಬರುತ್ತದೆ ಅನ್ನುತ್ತಾರೆ. ನಿಜವಾ?

ಗ್ರಾಮಾಪ್ರಿಯ

ಎರಡು ಮೂರು ವರ್ಷಕ್ಕೆ ಬರುವುದು ಕೋಚಿಯಾ ಮತ್ತು ರಷ್ಯನ್ ಥಿಸಲ್ ಅನ್ನುವ ಕಳೆಗಳು. ಫೋಟೋದಲ್ಲಿ ಇರುವುದೂ ಅವೇ. ರಷ್ಯನ್ ಥಿಸಲ್ ಅಂದರೆ ಸಿನಿಮಾಗಳಲ್ಲಿ ಗಾಳಿಗೆ ಉರುಳಿಕೊಂಡು ಹೋಗುತ್ತದಲ್ಲ, ಅದೇ ಗಿಡ. ಅದು ಅಮೆರಿಕದ್ದೇ ಅಲ್ಲ. 1870ರ ದಶಕದಲ್ಲಿ ರಷ್ಯಾದಿಂದ ಅಗಸೆ ಬೀಜದ ಜೊತೆ ಸೌತ್ ಡಕೋಟಾಕ್ಕೆ ಬಂದದ್ದು. ಉತ್ತ ನೆಲ ಕಂಡರೆ ಅದಕ್ಕೆ ಹಬ್ಬ.

ಬ್ಲೂ ಗ್ರಾಮಾ ಯಾಕೆ ಬೇಗ ವಾಪಸ್ ಬರಲ್ಲ ಅಂತ ಗೊತ್ತಾದರೆ ಮುಂದಿನದ್ದೆಲ್ಲ ಅರ್ಥವಾಗುತ್ತದೆ. ಬೀಜ ಮೊಳೆಯುವುದು ಕಷ್ಟವಲ್ಲ. ಬೆಚ್ಚಗಿನ ನೆಲ, ಒಂದು ಒಳ್ಳೆ ಮಳೆ ಸಾಕು. ಮೊಳಕೆ ಒಂದು ತೆಳ್ಳನೆ ಬೇರು ಬಿಡುತ್ತದೆ. ಆ ಬೇರು ಕೆಲವು ವಾರ ಸಸಿಯನ್ನು ಸಾಕಬಲ್ಲದು, ಅಷ್ಟೇ. ಬದುಕಬೇಕಾದರೆ ಬುಡದಿಂದ ಎರಡನೇ ಸಲ, ಗಟ್ಟಿ ಬೇರು ಒಡೆಯಬೇಕು. ಎಡವಟ್ಟು ಇರುವುದು ಇಲ್ಲೇ. ಈ ಹುಲ್ಲಿನ ಸಸಿ ಬುಡವನ್ನು ಮೇಲಕ್ಕೆ ಎತ್ತಿಕೊಂಡು ಬರುತ್ತದೆ. ಬೀಜ ಒಂದು ಸೆಂಟಿಮೀಟರ್ ಆಳದಲ್ಲಿದ್ದರೂ ಬುಡ ಮಾತ್ರ ನೆಲದ ಮೇಲ್ಮೈ ಹತ್ತಿರ ಕೂತಿರುತ್ತದೆ. ಆ ಮೇಲ್ಮೈ ಎರಡು ಮೂರು ದಿನ ಒಂದೇ ಸಮನೆ ಒದ್ದೆಯಾಗಿ ಇರಬೇಕು, ಅದೂ ಸರಿಯಾಗಿ ಆ ಕೆಲವು ವಾರಗಳಲ್ಲಿ. ಜುಲೈ ಬಿಸಿಲಿನಲ್ಲಿ ಅದು ಎಷ್ಟು ಸಲ ಆಗುತ್ತದೆ ಹೇಳಿ? ಮೊದಲ ಮಳೆ ಬಂದು, ಎರಡನೇ ಮಳೆ ಬರದಿದ್ದರೆ ಅಷ್ಟೂ ಸಸಿ ಹೋಯಿತು.

ಉತ್ತರ ಕೊಲರಾಡೋದ ಪಾನೀ ಹುಲ್ಲುಗಾವಲಿನ ಕಡೆ, 1930ರ ದಶಕದಲ್ಲಿ ಬಿಟ್ಟು ಹೋದ ಹೊಲಗಳನ್ನು ಸುಮಾರು 50 ವರ್ಷದ ಮೇಲೆ ಅಳೆದು ನೋಡಿದರು. ಕೆಲವು ಕಡೆ ಬ್ಲೂ ಗ್ರಾಮಾ ಬಂದಿತ್ತು, ಕೆಲವು ಕಡೆ ಇನ್ನೂ ಪೂರ್ತಿ ಬಂದಿರಲಿಲ್ಲ. ಹಾಗಾಗಿ ಈಗ ನಿಂತಿರುವ ಒಂದೊಂದು ಗುಪ್ಪೆಯೂ ನಿಮ್ಮ ಯೂರಿಯಾ ಚೀಲಕ್ಕಿಂತ ಬೆಲೆಯದ್ದು.

ಮಣ್ಣಿನಹುಳು

ಸರ್, ಯಾವುದಕ್ಕೂ ಮೊದಲು ಎರಡು ಕೆಲಸ ಮಾಡಿ. ಎರಡಕ್ಕೂ ದುಡ್ಡು ಬೇಡ.

ಒಂದು, ಎನ್‌ಆರ್‌ಸಿಎಸ್‌ನ (ಅಮೆರಿಕದ ಕೃಷಿ ಇಲಾಖೆಯ ಮಣ್ಣು ಸಂರಕ್ಷಣೆ ವಿಭಾಗ) ವೆಬ್ ಸಾಯಿಲ್ ಸರ್ವೆ ಅನ್ನುವ ಮಣ್ಣಿನ ನಕ್ಷೆಯ ತಾಣ ತೆರೆದು ನಿಮ್ಮ ಜಮೀನಿನ ಸುತ್ತ ಗೆರೆ ಎಳೆಯಿರಿ. ಮಣ್ಣಿನ ಹೆಸರು, ಜೊತೆಗೆ ಇಕಲಾಜಿಕಲ್ ಸೈಟ್ ಅಂತ ಒಂದು ಹೆಸರು ಬರುತ್ತದೆ. ಲೋಮಿ ಪ್ಲೇನ್ಸ್, ಸ್ಯಾಂಡಿ ಪ್ಲೇನ್ಸ್, ಸಾಲ್ಟ್ ಫ್ಲ್ಯಾಟ್, ಹೀಗೆ. ಆ ಜಾಗದಲ್ಲಿ ಸಹಜವಾಗಿ ಯಾವ ಹುಲ್ಲು ಎಷ್ಟಿರಬೇಕು, ಒಳ್ಳೆ ವರ್ಷದಲ್ಲಿ ಎಷ್ಟು ಮೇವು, ಬರಗಾಲದಲ್ಲಿ ಎಷ್ಟು, ಎಲ್ಲ ಅದರಲ್ಲಿ ಇರುತ್ತದೆ. ಬೀಜದಂಗಡಿಯಲ್ಲಿ ಕೇಳುವ ಮೊದಲು ಇದನ್ನು ಓದಿ.

ಎರಡು, ಮೊಣಕಾಲುದ್ದ ಗುಂಡಿ ತೋಡಿ. ಸುಮ್ನೆ ಒಂದು ಪಕ್ಕವನ್ನು ಚಾಕುವಿನಿಂದ ಕೆರೆದು ನೋಡಿ. ಮೇಲೆ ಒಂದು ಗೇಣಿಗಿಂತ ಕಡಿಮೆ ಕಂದು ಮಣ್ಣು, ಬೇರು ಹೆಣೆದುಕೊಂಡಿರುತ್ತದೆ. ಅದರ ಕೆಳಗೆ ಜೇಡಿ ಜಾಸ್ತಿಯಾಗಿ, ಹೆಂಟೆ ಹೆಂಟೆಯಾಗಿ ಒಡೆಯುತ್ತದೆ. ಇನ್ನೂ ಕೆಳಗೆ ಬಿಳಿ ಎಳೆಗಳು, ಮೆತ್ತನೆ ಬಿಳಿ ಚುಕ್ಕೆಗಳು. ಅದರ ಮೇಲೆ ನಾಲ್ಕು ಹನಿ ವಿನೆಗರ್ ಹಾಕಿ. ಬುಸ್ ಅಂತ ನೊರೆ ಬಂದರೆ ಸುಣ್ಣ. ಸಾವಿರಾರು ವರ್ಷ ಮಳೆ ನೀರು ಎಲ್ಲಿವರೆಗೆ ಇಳಿದು ನಿಂತಿದೆಯೋ ಅಲ್ಲಿ ಸುಣ್ಣ ಕೂತಿರುತ್ತದೆ. ಹಾಗಾಗಿ ಆ ಬಿಳಿ ಗೆರೆ ನಿಮ್ಮ ಜಮೀನಿನ ಮಳೆ ಲೆಕ್ಕ ಇದ್ದ ಹಾಗೆ. ಡಿಸ್ಕ್ ಆಳವಾಗಿ ಹೋದರೆ ಕೆಳಗಿನ ಜೇಡಿ, ಸುಣ್ಣ ಎರಡೂ ಮೇಲೆ ಬರುತ್ತವೆ. ಆಮೇಲೆ ಮಳೆ ಬಿದ್ದಾಗ ಮೇಲೆ ಹೆಪ್ಪುಗಟ್ಟಿ, ಸಸಿ ಭೇದಿಸಿಕೊಂಡು ಬರುವುದೇ ಕಷ್ಟ.

ಇನ್ನೊಂದು ಮಾತು. ಮರಳು ಮಣ್ಣು ಕಂಡರೆ ಬೇಜಾರು ಮಾಡಿಕೊಳ್ಳಬೇಡಿ. ಮಳೆ ಜಾಸ್ತಿ ಇರುವ ಕಡೆ ಗೋಡು, ಜೇಡಿ ಮಣ್ಣೇ ಮೇಲು. ಇಲ್ಲಿ ಉಲ್ಟಾ. ಜೇಡಿ ನೀರನ್ನು ಮೇಲೇ ಹಿಡಿದಿಟ್ಟುಕೊಳ್ಳುತ್ತದೆ, ಬಿಸಿಲು ಅದನ್ನು ಎಳೆದುಕೊಂಡು ಹೋಗುತ್ತದೆ. ಮರಳಿನಲ್ಲಿ ನೀರು ಬೇಗ ಕೆಳಗಿಳಿದು ಬಿಸಿಲಿಂದ ತಪ್ಪಿಸಿಕೊಳ್ಳುತ್ತದೆ. ಅಮೆರಿಕದ ಈ ಬಯಲುಗಳ ಲೆಕ್ಕ ಹಾಕಿದವರು ವರ್ಷಕ್ಕೆ ಸುಮಾರು 370 ಮಿಲಿಮೀಟರ್ ಮಳೆಯನ್ನು ಗಡಿ ಅನ್ನುತ್ತಾರೆ. ಅದಕ್ಕಿಂತ ಕಡಿಮೆ ಇದ್ದರೆ ಮರಳು ಮಣ್ಣಿನಲ್ಲೇ ಹುಲ್ಲು ಜಾಸ್ತಿ. ನೀವು ಗಡಿಯ ಒಣ ಪಕ್ಕದಲ್ಲಿದ್ದೀರಿ.

ನೇಗಿಲು

ಮರಳಿನಲ್ಲಿ ಹುಲ್ಲು ಜಾಸ್ತಿ ಅನ್ನುವುದು ಹೊಸ ವಿಷಯ. ಒಪ್ಪುತ್ತೇನೋ ಇಲ್ಲವೋ ಆಮೇಲೆ ನೋಡೋಣ. ಆದರೆ ಉಳದೇ ಇದ್ದರೂ ಯೂರಿಯಾ ಕೊಡಬಹುದಲ್ಲ? ಗೊಬ್ಬರ ಕೊಟ್ಟರೆ ಯಾವ ಹುಲ್ಲು ಬೇಡ ಅನ್ನುತ್ತದೆ?

ಗ್ರಾಮಾಪ್ರಿಯ

ಬ್ಲೂ ಗ್ರಾಮಾ ಬೇಡ ಅನ್ನಲ್ಲ, ಆದರೆ ಅದು ನಿಧಾನದ ಗಿಡ. ಯೂರಿಯಾದ ಸಾರಜನಕ ಕೊಟ್ಟ ತಕ್ಷಣ ನುಂಗಿ ಎದ್ದು ನಿಲ್ಲುವುದು ಕೋಚಿಯಾ ಮತ್ತು ಚೀಟ್‌ಗ್ರಾಸ್ ಅನ್ನುವ ಕಳೆ ಹುಲ್ಲು. 1970ರ ದಶಕದಲ್ಲಿ ಉತ್ತರ ಕೊಲರಾಡೋದ ಗಿಡ್ಡ ಹುಲ್ಲಿನ ಬಯಲಿನಲ್ಲೇ ಕೆಲವು ವರ್ಷ ನೀರು, ಸಾರಜನಕ ಎರಡನ್ನೂ ಕೊಟ್ಟು ನೋಡಿದರು. ಕೊಡುವುದನ್ನು ನಿಲ್ಲಿಸಿದ ಮೇಲೂ ವರ್ಷಗಟ್ಟಲೆ ಕಳೆ ಅಲ್ಲಿಂದ ಕದಲಲಿಲ್ಲ. ಬಡ ಮಣ್ಣೇ ಈ ಹುಲ್ಲಿಗೆ ಕಾವಲು. ಅದನ್ನು ಶ್ರೀಮಂತ ಮಾಡಿದರೆ ನುಗ್ಗುವವರು ಬೇರೆ.

ಲಗಾಮು

ಕುದುರೆ ವಿಷಯ ಯಾರೂ ಎತ್ತಲಿಲ್ಲ. ನಾನು ಇದೇ ರಾಜ್ಯದಲ್ಲಿ ಕುದುರೆ ಸಾಕುವವಳು. ಬಯಲು ಅಣ್ಣ, ಲೆಕ್ಕ ಹಾಕೋಣ ಬನ್ನಿ.

ಒಳ್ಳೆ ಗೋಡು ಮಣ್ಣು, ಒಳ್ಳೆ ಮಳೆ ವರ್ಷ ಅಂತ ಇಟ್ಟುಕೊಂಡು ಎಕರೆಗೆ 1,000 ಪೌಂಡ್ ಒಣ ಮೇವು ಅನ್ನಿ. 35 ಎಕರೆಗೆ 35,000 ಪೌಂಡ್. ಇದರಲ್ಲಿ ಅರ್ಧವನ್ನು ಹುಲ್ಲಿಗೇ ಬಿಡಬೇಕು. ಉಳಿದ ಅರ್ಧದಲ್ಲೂ ತುಳಿತ, ಹುಳ, ಒಣಗಿ ಉದುರಿದ್ದು ಎಲ್ಲ ಕಳೆದು ಬಾಯಿಗೆ ಬರುವುದು ಒಟ್ಟಿನ ಕಾಲು ಭಾಗ. ಅಂದರೆ 8,750 ಪೌಂಡ್. 1,100 ಪೌಂಡ್ ತೂಗುವ ಕುದುರೆ ದಿನಕ್ಕೆ ಸುಮಾರು 25 ಪೌಂಡ್ ತಿನ್ನುತ್ತದೆ. ಒಂದು ಕುದುರೆಗೆ 350 ದಿನ. ಎರಡಕ್ಕೆ 175. ಮನೆ, ದಾರಿ, ಆ ಕಳೆ ಪಟ್ಟಿ, ಬಿಳಿ ತಗ್ಗು ಕಳೆದರೆ ಇನ್ನೂ ಕಡಿಮೆ. ಬರಗಾಲದ ವರ್ಷ ಅರ್ಧಕ್ಕೆ ಇಳಿಸಿಬಿಡಿ.

35 ಎಕರೆ ಅನ್ನುವ ಅಳತೆ ಮೇವಿನ ಲೆಕ್ಕದಿಂದ ಬಂದದ್ದೂ ಅಲ್ಲ. 1972ರ ಒಂದು ಕಾನೂನು, 35 ಎಕರೆ ಅಥವಾ ಅದಕ್ಕಿಂತ ದೊಡ್ಡ ತುಂಡುಗಳನ್ನು ಕೌಂಟಿಯ ಲೇಔಟ್ ನಿಯಮದಿಂದ ಹೊರಗಿಟ್ಟಿತು. ಅವತ್ತಿನಿಂದ ಎಲ್ಲ ಕಡೆ 35 ಎಕರೆ ತುಂಡುಗಳೇ. ಮಾರುವವರು ಕುದುರೆ ಫೋಟೋ ಹಾಕಿ ಮಾರುತ್ತಾರೆ.

ಇನ್ನು, ಕುದುರೆ ಮೇಯುವ ರೀತಿ ಹಸುವಿನದಲ್ಲ. ಹಸುವಿಗೆ ಮೇಲೆ ಮುಂಬಾಚಿ ಹಲ್ಲಿಲ್ಲ, ನಾಲಿಗೆಯಿಂದ ಸುತ್ತಿ ಎಳೆಯುತ್ತದೆ. ಕುದುರೆಗೆ ಎರಡೂ ಕಡೆ ಹಲ್ಲು. ಬುಡದವರೆಗೆ ಕತ್ತರಿಸುತ್ತದೆ, ರುಚಿ ಕಂಡ ಜಾಗಕ್ಕೇ ಮತ್ತೆ ಮತ್ತೆ ಬರುತ್ತದೆ. ಹಾಗಾಗಿ ಮನೆ ಹತ್ತಿರ ಒಂದು ಸಣ್ಣ ಬರಿ ನೆಲದ ದೊಡ್ಡಿ ಮಾಡಿ. ಅಲ್ಲಿ ಕೊಂಡು ತಂದ ಒಣಹುಲ್ಲು ಹಾಕಿ. ಹುಲ್ಲು ಚೆನ್ನಾಗಿ ಬೆಳೆದಿರುವಾಗ ದಿನಕ್ಕೆ ಕೆಲವು ಗಂಟೆ ಮಾತ್ರ ಬಯಲಿಗೆ ಬಿಡಿ. ಬಯಲನ್ನು ನಾಲ್ಕೈದು ತುಂಡು ಮಾಡಿ ಸರದಿ ಮೇಲೆ ಮೇಯಿಸಿ. ಒಣಹುಲ್ಲು ಕೊಳ್ಳುವಾಗ ಕಳೆ ಇಲ್ಲದ್ದು ಅಂತ ಸರ್ಟಿಫಿಕೇಟ್ ಇರುವುದನ್ನೇ ಕೇಳಿ, ಇಲ್ಲದಿದ್ದರೆ ಚೀಟ್‌ಗ್ರಾಸ್ ಬೀಜ ದುಡ್ಡು ಕೊಟ್ಟು ತಂದ ಹಾಗೆ.

ಸಾಲುಕಳ್ಳಿ

ನನ್ನ ಪ್ರಶ್ನೆ ಬೇರೆ. ಇಷ್ಟೆಲ್ಲ ಸೂಕ್ಷ್ಮ ಅಂದ ಮೇಲೆ ಪ್ರಾಣಿಗಳನ್ನೇ ಬಿಡದೆ, ಬೇಲಿ ಹಾಕಿ ಸುಮ್ಮನಿದ್ದರೆ ಆಗಲ್ವಾ? ಕುದುರೆ ಬದಲು ಹೂವಿನ ಗಿಡಗಳನ್ನು ಬೆಳೆಸಬಹುದು. ವೈಲ್ಡ್‌ಫ್ಲವರ್ ಮಿಕ್ಸ್ ಡಬ್ಬಗಳು ಸಿಗುತ್ತವೆ.

ಗ್ರಾಮಾಪ್ರಿಯ

ಮೇಡಂ, ಮೇಯಿಸದೇ ಬಿಟ್ಟರೂ ಈ ಹುಲ್ಲು ಬದುಕುತ್ತದೆ. ಆದರೆ ಮೇಯುವಿಕೆಯಿಂದ ಇದು ಸಾಯುತ್ತದೆ ಅನ್ನುವುದೂ ಸರಿಯಲ್ಲ. ಕಾಡೆಮ್ಮೆಗಳ ಜೊತೆಗೇ ಬೆಳೆದುಬಂದ ಹುಲ್ಲು ಇದು. ಉತ್ತರ ಕೊಲರಾಡೋದಲ್ಲಿ ನನ್ (Nunn) ಅನ್ನುವ ಊರಿನ ಹತ್ತಿರ ಸೆಂಟ್ರಲ್ ಪ್ಲೇನ್ಸ್ ಎಕ್ಸ್‌ಪೆರಿಮೆಂಟಲ್ ರೇಂಜ್ ಅಂತ ಇದೆ. ಅಲ್ಲಿ 1939ರಿಂದ ಕೆಲವು ತುಂಡುಗಳಿಗೆ ಬೇಲಿ ಹಾಕಿ ದನ ಬಿಟ್ಟಿಲ್ಲ. ಪಕ್ಕದಲ್ಲೇ ಕಡಿಮೆ, ಮಧ್ಯಮ, ಜಾಸ್ತಿ ಅಂತ ಮೂರು ಬಗೆಯಲ್ಲಿ ಮೇಯಿಸಿದ್ದಾರೆ. ಜಾಸ್ತಿ ಮೇಯಿಸಿದ ಕಡೆ ವೆಸ್ಟರ್ನ್ ವೀಟ್‌ಗ್ರಾಸ್, ನೀಡಲ್ ಅಂಡ್ ಥ್ರೆಡ್ ತರಹದ ಎತ್ತರದ, ತಂಪು ಹವೆಯಲ್ಲಿ ಬೆಳೆಯುವ ಹುಲ್ಲುಗಳು ಕಮ್ಮಿಯಾದವು. ಬ್ಲೂ ಗ್ರಾಮಾ, ಬಫಲೋ ಗ್ರಾಸ್ ಮಾತ್ರ ಹೋಗಲಿಲ್ಲ, ನೆಲಕ್ಕೆ ಇನ್ನಷ್ಟು ಒತ್ತಿಕೊಂಡು ಹರಡಿದವು. ಮೌಂಟನ್ ಪ್ಲೋವರ್ ಅಂತ ಒಂದು ಹಕ್ಕಿ ಇದೆ. ಹೆಸರು ಬೆಟ್ಟದ್ದು, ಗೂಡು ಕಟ್ಟುವುದು ಬಯಲಿನಲ್ಲಿ. ಹುಲ್ಲು ತೀರಾ ಗಿಡ್ಡ ಇರುವ, ಬರಿ ನೆಲ ಕಾಣುವ ಜಾಗವೇ ಅದಕ್ಕೆ ಬೇಕು. ನಾವು ಹಾಳು ಅನ್ನುವ ಜಾಗ ಅದಕ್ಕೆ ಮನೆ. ಆದರೆ ಇದು ದನಗಳನ್ನು ಎಣಿಸಿ ಬಿಟ್ಟು, ಕಾಲಕ್ಕೆ ತೆಗೆದ ಮಾತು. ಲಗಾಮು ಮೇಡಂ ಹೇಳಿದ ಎರಡು ಕುದುರೆಗೆ ಇದನ್ನು ಅನ್ವಯಿಸಬೇಡಿ.

ಡಬ್ಬದ ಮಿಕ್ಸ್ ಬೇಡ. ಅದರಲ್ಲಿ ಅರ್ಧ ಈ ನೆಲದ್ದೇ ಇರಲ್ಲ. ಮಳೆ ಜಾಸ್ತಿ ಬೇಡುವ ಬಿಗ್ ಬ್ಲೂಸ್ಟೆಮ್ ಇರುವ ಪ್ರೇರಿ ಮಿಕ್ಸ್ ಕೂಡ ಇಲ್ಲಿಗಲ್ಲ. ಹೂವು ಅಲ್ಲಿ ಈಗಾಗಲೇ ಇದೆ, ಬಗ್ಗಿ ನೋಡಬೇಕು ಅಷ್ಟೇ. ಕಿತ್ತಳೆ ಬಣ್ಣದ ಸ್ಕಾರ್ಲೆಟ್ ಗ್ಲೋಬ್‌ಮ್ಯಾಲೋ ಮೇ ಹೊತ್ತಿಗೆ ಬರುತ್ತದೆ, ಗೇಣುದ್ದ ಗಿಡ. ಆಮೇಲೆ ಪ್ರೇರಿ ಕೋನ್‌ಫ್ಲವರ್. ಬೂದು ಎಲೆಯ ಫ್ರಿಂಜ್ಡ್ ಸೇಜ್ ಮುರಿದು ಮೂಸಿ ನೋಡಿ, ಕೈಯೆಲ್ಲ ಘಮ ಅನ್ನುತ್ತದೆ. ಯಕ್ಕಾ ಹೂವಿಗೆ ಪರಾಗ ಮುಟ್ಟಿಸುವುದು ಯಕ್ಕಾ ಪತಂಗ ಮಾತ್ರ. ಆ ಪತಂಗ ಮೊಟ್ಟೆ ಇಡುವುದೂ ಅದೇ ಹೂವಿನಲ್ಲಿ. ಎರಡಕ್ಕೂ ಬೇರೆ ಗತಿ ಇಲ್ಲ.

ಪಾಪಾಸುಕಳ್ಳಿಯನ್ನೂ ಕೀಳಬೇಡಿ. ದನ ಬಾಯಿ ಹಾಕದ ಆ ಮುಳ್ಳಿನ ನಡುವೆ ಬ್ಲೂ ಗ್ರಾಮಾ ನೆಮ್ಮದಿಯಾಗಿ ತೆನೆ ಬಿಡುತ್ತದೆ.

ಬಯಲು_35

ನೇರಳೆ ಹೂವಿನ ಒಂದು ಗಿಡದ ಫೋಟೋ ಹಾಕುತ್ತಿದ್ದೇನೆ. ಬಟಾಣಿ ಹೂವಿನ ಹಾಗಿದೆ. ತಗ್ಗಿನ ಪಕ್ಕ ಹಳದಿ ಹೂವಿನ ಉದ್ದ ಕದಿರು ಇರುವ ಗಿಡವೂ ಇದೆ, ಹತ್ತಿರ ಹೋದರೆ ಕೆಟ್ಟ ವಾಸನೆ. ನೆಲದ ಮೇಲೆ ಬೂದು ಹಸಿರು ಬಣ್ಣದ, ಬೇರಿಲ್ಲದ ಸುರುಳಿಗಳು ಬಿದ್ದಿವೆ. ಇದೆಲ್ಲ ಏನು?

ಮಣ್ಣಿನಹುಳು

ಸುರುಳಿಗಳು ಕಲ್ಲುಹೂವಿನ ಜಾತಿ. ಯಾವುದಕ್ಕೂ ಅಂಟಿಕೊಳ್ಳದೆ ಗಾಳಿ ತಳ್ಳಿದ ಕಡೆ ಹೋಗುತ್ತವೆ. ಒಣಗಿದಾಗ ಮುದುಡಿಕೊಳ್ಳುತ್ತವೆ, ಒದ್ದೆಯಾದರೆ ಬಿಚ್ಚಿಕೊಳ್ಳುತ್ತವೆ. ಇಷ್ಟು ಇವೆ ಅಂದರೆ ಆ ಭಾಗವನ್ನು ಯಾರೂ ಉತ್ತಿಲ್ಲ ಅಂತ ಧೈರ್ಯವಾಗಿ ಹೇಳಬಹುದು.

ಹಳದಿ ಕದಿರಿನ ಗಿಡವನ್ನು ಮಾತ್ರ ಹಗುರವಾಗಿ ತಗೋಬೇಡಿ. ಅದು ಪ್ರಿನ್ಸಸ್ ಪ್ಲೂಮ್. ಅದು ಬೆಳೆಯುವ ಮಣ್ಣಿನಲ್ಲಿ ಸಾಮಾನ್ಯವಾಗಿ ಸೆಲೆನಿಯಂ ಇರುತ್ತದೆ, ಜಾಸ್ತಿಯಾದರೆ ವಿಷವಾಗುವ ಒಂದು ಧಾತು. ನಿಮ್ಮ ಸುತ್ತಮುತ್ತ ಕೆಳಗೆ ಪಿಯರ್ ಶೇಲ್ ಅನ್ನುವ ಹಳೇ ಸಮುದ್ರದ ಕೆಸರಿನಿಂದಾದ ಕಲ್ಲಿದೆ. ಉಪ್ಪೂ ಅದರದ್ದೇ, ಸೆಲೆನಿಯಂ ಕೂಡ ಅದರದ್ದೇ. ಬಿಳಿ ಪುಡಿ ಬಂದದ್ದು ಹೀಗೆ: ನೀರು ತಗ್ಗಿಗೆ ಉಪ್ಪು ತರುತ್ತದೆ, ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಚೌಳು ಅಂದರೆ ಜಿಪ್ಸಂ ಸುರಿಯಿರಿ ಅಂತ ಯಾರಾದರೂ ಹೇಳಿಯಾರು. ಮಣ್ಣು ಪರೀಕ್ಷೆ ಮಾಡಿಸದೆ ಬೇಡ. ಸೋಡಿಯಂ ಜಾಸ್ತಿ ಇದ್ದರೆ ಮಾತ್ರ ಅದರಿಂದ ಉಪಯೋಗ. ಅದೂ ತೊಳೆದು ಹೋಗಲು ನೀರು ಬೇಕು, ನೀರೆಲ್ಲಿದೆ? ಅಲ್ಲಿ ತಾನಾಗಿ ಬರುವ ಆಲ್ಕಲೈ ಸಕಾಟನ್, ಸಾಲ್ಟ್‌ಗ್ರಾಸ್ ಇರಲಿ. ಬೀಜಕ್ಕೆ ನಾಲ್ಕು ರೆಕ್ಕೆ ಇರುವ ಫೋರ್‌ವಿಂಗ್ ಸಾಲ್ಟ್‌ಬುಷ್ ನಾಲ್ಕಾರು ನೆಡಬಹುದು. ಬಾವಿ ನೀರಿನಲ್ಲಿ ಸೆಲೆನಿಯಂ ಎಷ್ಟಿದೆ ಅಂತ ಒಮ್ಮೆ ಪರೀಕ್ಷೆ ಮಾಡಿಸಿ, ಕುದುರೆಗೆ ಮಾತ್ರ ಅಲ್ಲ, ನಿಮಗೂ ಬೇಕು.

ಲಗಾಮು

ಸೆಲೆನಿಯಂ ನಿಧಾನವಾಗಿ ಮೈಗೆ ಸೇರಿದರೆ ಕುದುರೆಯ ಕೇಸರ, ಬಾಲದ ಕೂದಲು ಉದುರುತ್ತದೆ, ಗೊರಸು ಬಿರಿಯುತ್ತದೆ. ಆ ತಗ್ಗನ್ನು ಬೇಲಿಯಿಂದ ಹೊರಗಿಡಿ.

ನೇರಳೆ ಹೂವು ಲೋಕೋವೀಡ್. ಈ ನೆಲದ್ದೇ ಗಿಡ, ಆದರೆ ಕುದುರೆಗೆ ವಿಷ. ವಿಷ ಮಾಡುವುದು ಗಿಡದೊಳಗೆ ವಾಸ ಮಾಡುವ ಒಂದು ಶಿಲೀಂಧ್ರ, ಆ ವಿಷದ ಹೆಸರು ಸ್ವೈನ್ಸೊನೈನ್. ಕೆಲವು ವಾರ ತಿಂದರೆ ನರ ಕೆಡುತ್ತದೆ, ಕುದುರೆ ತೂರಾಡುತ್ತದೆ, ಸುಮ್ಮಸುಮ್ಮನೆ ಬೆಚ್ಚುತ್ತದೆ. ಒಮ್ಮೆ ನರ ಕೆಟ್ಟರೆ ಅದರ ಮೇಲೆ ಸವಾರಿ ನಂಬುವಂತಿಲ್ಲ. ವಸಂತದ ಶುರುವಿನಲ್ಲಿ ಬೇರೆ ಹುಲ್ಲು ಏಳುವ ಮೊದಲೇ ಇದು ಹಸಿರಾಗುತ್ತದೆ. ಹಸಿದ ಕುದುರೆ ಬಾಯಿ ಹಾಕುವುದು ಆಗಲೇ. ಆ ಹೊತ್ತಿನಲ್ಲಿ ದೊಡ್ಡಿಯಿಂದ ಬಿಡಬೇಡಿ. ಗಿಡ ಕೆಲವೇ ಇದ್ದರೆ ಬೇರು ಸಮೇತ ಅಗೆದು ತೆಗೆಯಿರಿ.

ನೇಗಿಲು

ಪ್ರೇರಿ ಡಾಗ್ (ನೆಲದಲ್ಲಿ ಬಿಲ ತೋಡುವ ಅಳಿಲಿನ ಜಾತಿಯ ಪ್ರಾಣಿ) ಬಿಲ ಇವೆಯಾ? ಇದ್ದರೆ ಮೊದಲು ಅದಕ್ಕೆ ಮದ್ದು ಇಡಿ. ಕುದುರೆ ಕಾಲು ಮುರಿಯುತ್ತದೆ.

ಗ್ರಾಮಾಪ್ರಿಯ

ಕುದುರೆ ಓಡಾಡುವ ತುಂಡಿನಲ್ಲಿ ಬಿಲ ಬೇಡ ಅನ್ನುವುದು ಸರಿ. ಆದರೆ ಮದ್ದು ಇಡುವ ಮೊದಲು ಬಿಲದ ಬಾಯಿ ನೋಡಿ. ಗರಿ, ಹುಳದ ಚಿಪ್ಪು, ಸಗಣಿ ಚೂರು ಇದ್ದರೆ ಅದು ಬರೋಯಿಂಗ್ ಔಲ್ ಗೂಬೆಯ ಮನೆ. ವಸಂತದಲ್ಲಿ ಬಂದು ಆ ಬಿಲಗಳಲ್ಲಿ ಮರಿ ಮಾಡಿ ಶರತ್ಕಾಲದಲ್ಲಿ ಹೋಗುತ್ತವೆ. ವಲಸೆ ಹಕ್ಕಿ ಕಾನೂನಿನ ರಕ್ಷಣೆ ಇದೆ, ಮದ್ದಿಟ್ಟರೆ ಕೇಸು.

ಈಗ ಪೂರ್ವದ ಪಟ್ಟಿ. ನಿಜವಾಗಿ ಕೆಲಸ ಬೇಕಾಗಿರುವುದು ಆ ಮೂರು ಎಕರೆಗೆ ಮಾತ್ರ. ಈ ವರ್ಷ ಕೋಚಿಯಾ ಬೀಜ ಕಟ್ಟುವ ಮೊದಲು ಕತ್ತರಿಸುತ್ತಾ ಇರಿ. ಮುಂದಿನ ಬೇಸಿಗೆಗೆ ಬೀಜ ಕಟ್ಟದ ಜಾತಿಯ ಜೋಳ ಬಿತ್ತಿ, ಬಲಿತ ಮೇಲೆ ಮೊಣಕಾಲೆತ್ತರಕ್ಕೆ ಕೊಯ್ದು ಕೂಳೆ ಹಾಗೇ ಬಿಡಿ. ಆ ಕೂಳೆ ಗಾಳಿ ತಡೆಯುತ್ತದೆ, ಹಿಮ ಹಿಡಿಯುತ್ತದೆ, ಸಸಿ ಬುಡಕ್ಕೆ ನೆರಳು ಕೊಡುತ್ತದೆ. ಮತ್ತೆ ಉಳಬೇಡಿ. ನವೆಂಬರ್‌ನಿಂದ ಏಪ್ರಿಲ್ ನಡುವೆ ಕೂಳೆಯಲ್ಲೇ ಹುಲ್ಲು ಬೀಜದ ಡ್ರಿಲ್‌ನಿಂದ ಬಿತ್ತಿ. ಆಳ ಕಾಲು ಇಂಚಿನಿಂದ ಅರ್ಧ ಇಂಚು, ಅದಕ್ಕಿಂತ ಜಾಸ್ತಿ ಬೇಡವೇ ಬೇಡ. ಮಾಮೂಲಿ ಗೋಧಿ ಡ್ರಿಲ್ ಈ ಹಗುರವಾದ, ಜುಂಜು ಬೀಜವನ್ನು ಸರಿಯಾಗಿ ಬಿಡುವುದಿಲ್ಲ. ಹುಲ್ಲಿನ ಡ್ರಿಲ್ ಅನೇಕ ಕನ್ಸರ್ವೇಶನ್ ಡಿಸ್ಟ್ರಿಕ್ಟ್‌ಗಳಲ್ಲಿ (ಮಣ್ಣು, ನೀರು ಸಂರಕ್ಷಣೆಯ ಸ್ಥಳೀಯ ಸಂಸ್ಥೆಗಳು) ಬಾಡಿಗೆಗೆ ಸಿಗುತ್ತದೆ, ವಿಚಾರಿಸಿ.

ಬೀಜ: ಬ್ಲೂ ಗ್ರಾಮಾದಲ್ಲಿ ಹಚೀಟಾ ತಳಿ, ಸೈಡ್‌ಓಟ್ಸ್ ಗ್ರಾಮಾದಲ್ಲಿ ವಾನ್, ವೆಸ್ಟರ್ನ್ ವೀಟ್‌ಗ್ರಾಸ್‌ನಲ್ಲಿ ಅರೀಬಾ. ಅರೀಬಾ ತಳಿಯ ಮೂಲ ಬೀಜ ಪೂರ್ವ ಕೊಲರಾಡೋದ್ದೇ. ಮರಳು ಇದ್ದರೆ ಒಂದು ಚೂರು ಸ್ಯಾಂಡ್ ಡ್ರಾಪ್‌ಸೀಡ್. ಒಂದು ಚೂರು ಅಂದದ್ದು ಸುಮ್ನೆ ಅಲ್ಲ, ಒಂದು ಪೌಂಡಿನಲ್ಲಿ 50 ಲಕ್ಷ ಕಾಳು ಇರುತ್ತದೆ. ಬ್ಲೂ ಗ್ರಾಮಾ ಪೌಂಡಿಗೆ 7 ಲಕ್ಷದ ಮೇಲೆ. ಚೀಲದ ಬೆಲೆ ನೋಡಿ ಮೋಸ ಹೋಗಬೇಡಿ. ಶುದ್ಧ ಬೀಜ 80 ಪರ್ಸೆಂಟ್, ಮೊಳೆಯುವುದು 70 ಪರ್ಸೆಂಟ್ ಇದ್ದರೆ ನಿಮಗೆ ನಿಜವಾಗಿ ಸಿಕ್ಕಿದ್ದು 56 ಪರ್ಸೆಂಟ್ ಮಾತ್ರ. ಆ ಲೆಕ್ಕದ ಮೇಲೆ ಎರಡು ಅಂಗಡಿ ಹೋಲಿಸಿ.

ಬಿತ್ತಿದ ವರ್ಷ ಪಟ್ಟಿ ತುಂಬ ಕಳೆಯೇ ಕಾಣುತ್ತದೆ. ಹುಲ್ಲಿನ ಸಸಿಗಿಂತ ಎತ್ತರದಲ್ಲಿ ಕಳೆ ಕತ್ತರಿಸುತ್ತಾ ಹೋಗಿ. ಕುದುರೆಯನ್ನು ಎರಡು ಬೇಸಿಗೆ ಕಳೆಯುವವರೆಗೆ ಅಲ್ಲಿಗೆ ಬಿಡಬೇಡಿ. ಎರಡನೇ ವರ್ಷದ ಕೊನೆಗೆ ಕೈಯಿಂದ ಮೆಲ್ಲಗೆ ಎಳೆದು ನೋಡಿ. ಕಿತ್ತು ಬರದಿದ್ದರೆ ಎರಡನೇ ಬೇರು ಕೂತಿದೆ.

ಬಯಲು_35

ಗುಂಡಿ ತೋಡಿದೆ. ಮುಕ್ಕಾಲು ಜಮೀನು ಲೋಮಿ ಪ್ಲೇನ್ಸ್ ಅಂತ ಬಂತು, ಸುಣ್ಣ ಸುಮಾರು ಒಂದೂವರೆ ಅಡಿಯಲ್ಲಿ ಶುರು. ವಿನೆಗರ್ ಹಾಕಿದಾಗ ಮಗಳು ಕುಣಿದಾಡಿಬಿಟ್ಟಳು. ಸದ್ಯಕ್ಕೆ ಒಂದು ಕುದುರೆ, ಜೊತೆಗೆ ದೊಡ್ಡಿ. ಅದು ಒಂಟಿಯಾಗುತ್ತದೆ ಅಂತ ಪಕ್ಕದವರ ಕುದುರೆ ಜೊತೆ ಬೇಲಿ ಹಂಚಿಕೊಳ್ಳುವ ಮಾತಾಗಿದೆ. ಪೂರ್ವದ ಪಟ್ಟಿಗೆ ಜೋಳ ಮುಂದಿನ ಬೇಸಿಗೆಗೆ.

ಬೇಲಿ ಹೇಗಿರಬೇಕು? ಪಕ್ಕದವರ ದನ ಬಂದರೆ ಅವರೇ ಜವಾಬ್ದಾರಿ ಅಲ್ವಾ?

ಲಗಾಮು

ಅಲ್ಲ ಅಣ್ಣ. ಕೊಲರಾಡೋದಲ್ಲಿ ಬೇರೆಯವರ ದನ ಬರಬಾರದು ಅಂದರೆ ಬೇಲಿ ಹಾಕಿಕೊಳ್ಳಬೇಕಾದವರು ನೀವು. ಕುದುರೆ ಇರುವ ಕಡೆ ಮುಳ್ಳುತಂತಿ ಬೇಡ, ನುಣುಪು ತಂತಿ ಹಾಕಿ, ಮೇಲಿನದು ಕಣ್ಣಿಗೆ ಕಾಣುವಂತೆ ಬಿಳಿ ಪಟ್ಟಿ ಇರಲಿ. ಕೆಳಗಿನ ತಂತಿ ನೆಲದಿಂದ 16 ಇಂಚು ಮೇಲಿರಲಿ. ಪ್ರಾಂಗ್‌ಹಾರ್ನ್‌ಗಳು, ಅಂದರೆ ಈ ಬಯಲಿನ ಜಿಂಕೆಯಂಥ ಕಾಡುಪ್ರಾಣಿಗಳು, ಸಾಮಾನ್ಯವಾಗಿ ಬೇಲಿ ಹಾರುವುದಿಲ್ಲ, ಕೆಳಗೆ ನುಸುಳಿ ಹೋಗುತ್ತವೆ. ಮೂಲೆ ಕಂಬಗಳನ್ನು ನೆಡುವ ಕೆಲಸ ನೆಲ ಹೆಪ್ಪುಗಟ್ಟುವ ಮೊದಲು, ಅಕ್ಟೋಬರ್ ಒಳಗೆ ಮುಗಿಸಿಕೊಳ್ಳಿ.